ಚೀನಾದ ಚಾಂದ್ರಮಾನ ಕ್ಯಾಲೆಂಡರ್: ಹೊಸ ವರ್ಷದ ತಾರೀಕನ್ನು ನೀವೇ ಲೆಕ್ಕ ಹಾಕುವುದು ಹೇಗೆ?

ಚೀನಾದ ಹೊಸ ವರ್ಷ 2024ರಲ್ಲಿ ಫೆಬ್ರವರಿ 10ಕ್ಕೆ ಬಂತು. 2025ರಲ್ಲಿ ಜನವರಿ 29ಕ್ಕೆ, 2026ರಲ್ಲಿ ಫೆಬ್ರವರಿ 17ಕ್ಕೆ. ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ವರ್ಷ ಏಕಾಏಕಿ ಮುಂದಕ್ಕೆ ಹೋಗಿಬಿಡುತ್ತದೆ. ಚೀನಾದಿಂದ ಸಾಮಾನು ತರಿಸುವ ಬೆಂಗಳೂರಿನ ವ್ಯಾಪಾರಿಗಳಿಗೆ ಈ ತಾರೀಕು ಮೊದಲೇ ಗೊತ್ತಿರಬೇಕು. ಆ ಹೊತ್ತಿಗೆ ಅಲ್ಲಿನ ಕಾರ್ಖಾನೆಗಳಿಗೆ ಬೀಗ ಬಿದ್ದಿರುತ್ತದೆ. ಸಿಂಗಪುರ, ಹಾಂಗ್‌ಕಾಂಗ್, ಮಲೇಷ್ಯಾದಲ್ಲಿರುವ ಕನ್ನಡಿಗರಿಗೂ ಇದು ವರ್ಷದ ದೊಡ್ಡ ರಜೆ. ತಾರೀಕು ಮಾತ್ರ ಸಾಕು ಅನ್ನುವವರಿಗೆ ಮೊಬೈಲ್ ಇದೆ. ಆದರೆ ಅದು ಯಾಕೆ ಹಾಗೆ ಓಡಾಡುತ್ತದೆ ಅಂತ ಒಮ್ಮೆ ತಿಳಿದುಕೊಂಡರೆ ಇಡೀ ಕ್ಯಾಲೆಂಡರ್ ನಿಮ್ಮ ಹಿಡಿತಕ್ಕೆ ಬರುತ್ತದೆ.

ಚೀನಾದಲ್ಲಿ ಇದನ್ನು ಸಾಮಾನ್ಯವಾಗಿ 'ನೊಂಗ್‌ಲಿ' ಅನ್ನುತ್ತಾರೆ. ಹೊರಗಿನವರು ಚಾಂದ್ರಮಾನ ಕ್ಯಾಲೆಂಡರ್ ಅಂತ ಕರೆಯುತ್ತಾರೆ. ಆದರೆ ಬರೀ ಚಂದ್ರನನ್ನು ನಂಬಿಕೊಂಡು ಹೊರಟರೆ ಲೆಕ್ಕ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ತಿಂಗಳು ಚಂದ್ರನದು, ಆ ತಿಂಗಳಿಗೆ ನಂಬರ್ ಕೊಡುವವನು ಸೂರ್ಯ. ಅದರಲ್ಲೂ ಡಿಸೆಂಬರ್ 21 ಅಥವಾ 22ರ ಒಂದೇ ಒಂದು ದಿನವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಪಂಚಾಂಗ ನೋಡಿ ಅಭ್ಯಾಸ ಇರುವವರಿಗೆ ಇದು ಇನ್ನೂ ಸುಲಭ. ಅಧಿಕ ಮಾಸವೂ ಅಲ್ಲಿದೆ, ಅರವತ್ತು ವರ್ಷದ ಚಕ್ರವೂ ಇದೆ.

ಮೊದಲು ಬೇಕಾದ ಎರಡು ಪಟ್ಟಿ

ಒಂದು, ಆ ವರ್ಷದ ಅಮಾವಾಸ್ಯೆಗಳ ಪಟ್ಟಿ, ಗಂಟೆ ನಿಮಿಷದ ಸಮೇತ. ಇದಕ್ಕೆ ನಿಮ್ಮ ಮನೆಯ ಪಂಚಾಂಗವೇ ಸಾಕು, ಅದು ದೃಗ್ಗಣಿತದ್ದಾಗಿದ್ದರೆ, ಅಂದರೆ ಆಕಾಶದಲ್ಲಿ ನಿಜವಾಗಿ ಕಾಣುವ ಸ್ಥಾನಕ್ಕೆ ಹೊಂದುವಂತೆ ಲೆಕ್ಕ ಹಾಕಿದ್ದಾದರೆ. ಅಮಾವಾಸ್ಯೆ ತಿಥಿ ಮುಗಿಯುವ ಕ್ಷಣವೇ ಸೂರ್ಯ ಚಂದ್ರ ಒಂದುಗೂಡುವ ಕ್ಷಣ. ಚೀನಾದ ಲೆಕ್ಕಕ್ಕೂ ಅದೇ ಕ್ಷಣ ಬೇಕು. ಪಂಚಾಂಗದ ಸಮಯಕ್ಕೆ ಎರಡೂವರೆ ಗಂಟೆ ಸೇರಿಸಿ, ಬೀಜಿಂಗ್ ಸಮಯ ಸಿಗುತ್ತದೆ. ಅಂದರೆ ನಮ್ಮಲ್ಲಿ ರಾತ್ರಿ 9:30 ಆದಾಗ ಅಲ್ಲಿ ತಾರೀಕು ಬದಲಾಗುತ್ತದೆ. ಹಳೇ ಸಿದ್ಧಾಂತದ ಪಂಚಾಂಗಗಳಲ್ಲಿ ಈ ಸಮಯ ಕೆಲವು ಗಂಟೆ ಆಚೀಚೆ ಇರುತ್ತದೆ, ಅವು ಈ ಕೆಲಸಕ್ಕೆ ಬೇಡ.

ಎರಡನೆಯದು ಸೂರ್ಯನ ಪಟ್ಟಿ. ಇದಕ್ಕೆ ಪಂಚಾಂಗದ ಸಂಕ್ರಮಣಗಳನ್ನು ಬಳಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ತಿಂಗಳು ಎಲ್ಲಿ ಶುರು?

ಅಮಾವಾಸ್ಯೆಯ ಕ್ಷಣ ಬೀಜಿಂಗ್ ಸಮಯದಲ್ಲಿ ಯಾವ ದಿನ ಬೀಳುತ್ತದೋ ಆ ಇಡೀ ದಿನ ತಿಂಗಳ ಮೊದಲನೇ ತಾರೀಕು. ದಿನ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ. ಅಮಾವಾಸ್ಯೆಯ ಕ್ಷಣ ರಾತ್ರಿ 11:50ಕ್ಕೆ ಬಂದರೂ ಅವತ್ತು ಬೆಳಗ್ಗೆಯಿಂದಲೇ ಮೊದಲನೇ ತಾರೀಕು.

ಇಲ್ಲಿ ನಮಗೂ ಅವರಿಗೂ ಒಂದು ವ್ಯತ್ಯಾಸವಿದೆ. ನಾವು ಅಮಾವಾಸ್ಯೆ ಮುಗಿದ ಮೇಲೆ ಪಾಡ್ಯದಿಂದ ತಿಂಗಳು ಎಣಿಸುತ್ತೇವೆ, ಅದೂ ಸೂರ್ಯೋದಯಕ್ಕೆ ಯಾವ ತಿಥಿ ಇತ್ತು ಅಂತ ನೋಡಿ. ಅವರು ಅಮಾವಾಸ್ಯೆಯ ದಿನದಿಂದಲೇ ಎಣಿಸುತ್ತಾರೆ. 2025ರಲ್ಲಿ ಅವರ ಮೂರನೇ ತಿಂಗಳು ಮಾರ್ಚ್ 29ಕ್ಕೆ ಶುರುವಾಯಿತು, ನಮ್ಮ ಯುಗಾದಿ ಮಾರ್ಚ್ 30ಕ್ಕೆ. 2026ರಲ್ಲಿ ಅವರ ಎರಡನೇ ತಿಂಗಳ ಮೊದಲ ದಿನವೂ ನಮ್ಮ ಯುಗಾದಿಯೂ ಒಂದೇ ದಿನ, ಮಾರ್ಚ್ 19. ಸಾಮಾನ್ಯವಾಗಿ ಅಂತರ ಇಷ್ಟೇ, ಒಂದು ದಿನ ಅಥವಾ ಅದೂ ಇಲ್ಲ.

ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಹಾಗಾಗಿ ತಿಂಗಳಿಗೆ 29 ದಿನ ಇಲ್ಲವೇ 30 ದಿನ. 29ರದ್ದು ಚಿಕ್ಕ ತಿಂಗಳು, 30ರದ್ದು ದೊಡ್ಡ ತಿಂಗಳು. ಯಾವುದು ಚಿಕ್ಕದು, ಯಾವುದು ದೊಡ್ಡದು ಅಂತ ಕಂಠಪಾಠ ಮಾಡಲು ಆಗುವುದಿಲ್ಲ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಲ್ಲ, ಹಾಗಾಗಿ ಕೆಲವೊಮ್ಮೆ ಸಾಲಾಗಿ ನಾಲ್ಕು ದೊಡ್ಡ ತಿಂಗಳು ಬರುವುದೂ ಉಂಟು. ಆದರೆ ತಿಂಗಳೊಳಗೆ ತಾರೀಕುಗಳು ನೇರ: 1, 2, 3 ಅಂತ. ತಿಥಿ ಕ್ಷಯ, ತಿಥಿ ವೃದ್ಧಿಯ ತಲೆನೋವು ಇಲ್ಲ.

ಇದರಿಂದ ಒಂದು ಮಜಾ ಆಗುತ್ತದೆ. ಹೊಸ ವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಸೇರಿ ಉಣ್ಣುತ್ತಾರೆ. ಅದನ್ನು ಜನ ಆಡುಮಾತಿನಲ್ಲಿ 'ವರ್ಷದ ಮೂವತ್ತು' ಅನ್ನುವುದು ರೂಢಿ. ಆದರೆ 2025ರಿಂದ 2029ರವರೆಗೆ ಐದೂ ವರ್ಷ ಆ ಕೊನೆಯ ತಿಂಗಳು ಚಿಕ್ಕದೇ. ಮೂವತ್ತನೇ ತಾರೀಕೇ ಇಲ್ಲ, ಊಟ ಇಪ್ಪತ್ತೊಂಬತ್ತಕ್ಕೆ. 2030ಕ್ಕೆ ಮತ್ತೆ ಮೂವತ್ತು ಬರುತ್ತದೆ.

ಹಂತ 2: ಸೂರ್ಯನ 24 ಗುರುತುಗಳು

ಹನ್ನೆರಡು ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ. ಋತುಗಳ ವರ್ಷ 365 ದಿನ ಚಿಲ್ಲರೆ. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬೀಳುತ್ತದೆ. ಹಾಗೇ ಬಿಟ್ಟರೆ ಹೊಸ ವರ್ಷ ಹದಿನೇಳು ವರ್ಷದೊಳಗೆ ಬೇಸಿಗೆಗೆ ಹೋಗಿ ಕೂರುತ್ತದೆ. ಬಿತ್ತನೆ ಮಾಡುವವರಿಗೆ ಅಂಥ ಕ್ಯಾಲೆಂಡರ್ ಯಾಕೆ ಬೇಕು? ಅದಕ್ಕೇ ಚೀನೀಯರು ಸೂರ್ಯನ ವಾರ್ಷಿಕ ದಾರಿಯ 360 ಡಿಗ್ರಿಯನ್ನು 15 ಡಿಗ್ರಿಗೊಂದರಂತೆ 24 ಭಾಗ ಮಾಡಿದರು. ಇವೇ 'ಜಿಯೆಛಿ'. ಹೆಸರುಗಳನ್ನು ಕೇಳಿದರೆ ಹೊಲದಲ್ಲಿ ನಿಂತು ಇಟ್ಟ ಹೆಸರು ಅಂತ ಗೊತ್ತಾಗುತ್ತದೆ: ಮಳೆನೀರು, ಹುಳುಗಳು ಎಚ್ಚೆತ್ತುಕೊಳ್ಳುವುದು, ಕಾಳಿನ ಮಳೆ, ಬಿಳಿ ಇಬ್ಬನಿ, ಸಣ್ಣ ಹಿಮ, ದೊಡ್ಡ ಚಳಿ. ನಮ್ಮ ರೈತರು ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ಎಣಿಸುವುದಿಲ್ಲವೇ? ಅಲ್ಲಿ ಅದೇ ಕೆಲಸವನ್ನು ಜಿಯೆಛಿ ಮಾಡುತ್ತದೆ. 2016ರಲ್ಲಿ ಯುನೆಸ್ಕೊ ಈ 24 ಗುರುತುಗಳನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ 24ರಲ್ಲಿ ಒಂದು ಬಿಟ್ಟು ಒಂದು, ಅಂದರೆ 12 ಗುರುತುಗಳಿಗೆ 'ಝೊಂಗ್‌ಛಿ' ಅಂತ ಹೆಸರು. ಇವು 30 ಡಿಗ್ರಿಗೊಂದು ಬರುತ್ತವೆ. ನಮಗೆ ಬೇಕಾದ ಸೂರ್ಯನ ಪಟ್ಟಿ ಇದೇ. ಇವು ಸೂರ್ಯನವಾದ್ದರಿಂದ ಇಂಗ್ಲಿಷ್ ತಾರೀಕಿನಲ್ಲಿ ಒಂದು ದಿನ ಆಚೀಚೆ ಬಿಟ್ಟರೆ ಬದಲಾಗುವುದಿಲ್ಲ:

11ನೇ ತಿಂಗಳಿಗೆ ದೊಂಗ್‌ಝಿ, ಡಿಸೆಂಬರ್ 21–22
12ನೇ ತಿಂಗಳಿಗೆ ದಾಹಾನ್, ಜನವರಿ 20
1ನೇ ತಿಂಗಳಿಗೆ ಯುಶುಯಿ, ಫೆಬ್ರವರಿ 18–19
2ನೇ ತಿಂಗಳಿಗೆ ಛುನ್‌ಫೆನ್, ಮಾರ್ಚ್ 20–21
3ನೇ ತಿಂಗಳಿಗೆ ಗುಯು, ಏಪ್ರಿಲ್ 20
4ನೇ ತಿಂಗಳಿಗೆ ಶಿಯಾವೊಮಾನ್, ಮೇ 21
5ನೇ ತಿಂಗಳಿಗೆ ಶಿಯಾಝಿ, ಜೂನ್ 21
6ನೇ ತಿಂಗಳಿಗೆ ದಾಶು, ಜುಲೈ 22–23
7ನೇ ತಿಂಗಳಿಗೆ ಛುಶು, ಆಗಸ್ಟ್ 23
8ನೇ ತಿಂಗಳಿಗೆ ಛಿಯೂಫೆನ್, ಸೆಪ್ಟೆಂಬರ್ 23
9ನೇ ತಿಂಗಳಿಗೆ ಶುವಾಂಗ್‌ಜಿಯಾಂಗ್, ಅಕ್ಟೋಬರ್ 23
10ನೇ ತಿಂಗಳಿಗೆ ಶಿಯಾವೊಶುಯೆ, ನವೆಂಬರ್ 22

ದೊಂಗ್‌ಝಿ ಅಂದರೆ ಉತ್ತರಾರ್ಧ ಗೋಳದಲ್ಲಿ ವರ್ಷದ ಅತಿ ಚಿಕ್ಕ ಹಗಲು. ನಮ್ಮ ಜ್ಯೋತಿಷಿಗಳ ಮಾತಿನಲ್ಲಿ ಸಾಯನ, ಅಂದರೆ ಋತುಗಳನ್ನು ಹಿಡಿದು ಎಣಿಸುವ, ಮಕರ ಸಂಕ್ರಮಣ. ನಾವು ಹಬ್ಬ ಮಾಡುವ ಮಕರ ಸಂಕ್ರಾಂತಿ ನಿರಯನದ್ದು. ನಕ್ಷತ್ರಗಳನ್ನು ಹಿಡಿದು ಎಣಿಸುವುದರಿಂದ ಅಯನಾಂಶದಷ್ಟು (ಈ ಎರಡು ಎಣಿಕೆಗಳ ನಡುವಿನ ಅಂತರ) ತಡವಾಗಿ, ಜನವರಿ 14–15ಕ್ಕೆ ಬರುತ್ತದೆ. ನಿಮ್ಮ ಪಂಚಾಂಗದ ಸಂಕ್ರಮಣಗಳನ್ನು ಇಲ್ಲಿ ಬಳಸಬೇಡಿ ಅಂದದ್ದು ಇದಕ್ಕೇ.

ಹಂತ 3: ಡಿಸೆಂಬರ್‌ನಲ್ಲಿ ಮೊಳೆ ಹೊಡೆಯಿರಿ

ಎಲ್ಲಕ್ಕಿಂತ ದೊಡ್ಡ ನಿಯಮ ಇದು: ದೊಂಗ್‌ಝಿ ಬೀಳುವ ತಿಂಗಳು ಯಾವಾಗಲೂ 11ನೇ ತಿಂಗಳು. ಇದಕ್ಕೆ ವಿನಾಯಿತಿ ಇಲ್ಲ. ಹೊಸ ವರ್ಷದಿಂದ ಎಣಿಸಲು ಹೊರಟವರು ಸಿಕ್ಕಿಹಾಕಿಕೊಳ್ಳುವುದು ಯಾಕೆ ಅಂದರೆ, ಹೊಸ ವರ್ಷದ ದಿನವೇ ಈ ನಿಯಮದಿಂದ ಹುಟ್ಟುವಂಥದ್ದು. ಹಾಗಾಗಿ ಲೆಕ್ಕವನ್ನು ಒಂದು ಡಿಸೆಂಬರ್‌ನಿಂದ ಮುಂದಿನ ಡಿಸೆಂಬರ್‌ಗೆ ಮಾಡಿ.

ಹಂತ 4: ಹನ್ನೆರಡೋ, ಹದಿಮೂರೋ?

ಒಂದು 11ನೇ ತಿಂಗಳಿನಿಂದ ಮುಂದಿನ 11ನೇ ತಿಂಗಳು ಶುರುವಾಗುವ ತನಕ ಎಷ್ಟು ತಿಂಗಳಿವೆ ಅಂತ ಎಣಿಸಿ. ಹನ್ನೆರಡಿದ್ದರೆ 11, 12, 1, 2 ಅಂತ ನಂಬರ್ ಕೊಟ್ಟುಕೊಂಡು ಹೋಗಿ, ಮುಗಿಯಿತು. ಹದಿಮೂರಿದ್ದರೆ ಒಂದು ಅಧಿಕ ತಿಂಗಳು. ಯಾವುದು? ಝೊಂಗ್‌ಛಿ ಇಲ್ಲದ ಮೊದಲನೇ ತಿಂಗಳು. ಅದಕ್ಕೆ ಹೊಸ ನಂಬರ್ ಇಲ್ಲ, ಹಿಂದಿನ ತಿಂಗಳ ನಂಬರನ್ನೇ ಮತ್ತೆ ಕೊಡುತ್ತಾರೆ.

ಸುಮ್ನೆ ನಿಯಮ ಓದಿದರೆ ಇದು ತಲೆಗೆ ಹತ್ತುವುದಿಲ್ಲ. 2025ನ್ನೇ ತೆಗೆದುಕೊಳ್ಳೋಣ. ಪೇಪರ್ ಮೇಲೆ ನೀವೂ ಬರೆದುಕೊಳ್ಳಿ. ತಾರೀಕುಗಳೆಲ್ಲ ಬೀಜಿಂಗ್‌ನವು. ಮೊದಲನೆಯದು ತಿಂಗಳು ಶುರುವಾದ ದಿನ, ಎರಡನೆಯದು ಅದರೊಳಗೆ ಬಿದ್ದ ಝೊಂಗ್‌ಛಿ:

2024 ಡಿಸೆಂಬರ್ 1 – ಡಿಸೆಂಬರ್ 21 (ದೊಂಗ್‌ಝಿ). ಇದು 11ನೇ ತಿಂಗಳು
ಡಿಸೆಂಬರ್ 31 – ಜನವರಿ 20. 12ನೇ ತಿಂಗಳು
2025 ಜನವರಿ 29 – ಫೆಬ್ರವರಿ 18. 1ನೇ ತಿಂಗಳು, ಹೊಸ ವರ್ಷ
ಫೆಬ್ರವರಿ 28 – ಮಾರ್ಚ್ 20. 2ನೇ ತಿಂಗಳು
ಮಾರ್ಚ್ 29 – ಏಪ್ರಿಲ್ 20. 3ನೇ ತಿಂಗಳು
ಏಪ್ರಿಲ್ 28 – ಮೇ 21. 4ನೇ ತಿಂಗಳು
ಮೇ 27 – ಜೂನ್ 21. 5ನೇ ತಿಂಗಳು
ಜೂನ್ 25 – ಜುಲೈ 22. 6ನೇ ತಿಂಗಳು
ಜುಲೈ 25 – ಯಾವುದೂ ಇಲ್ಲ. ಅಧಿಕ 6
ಆಗಸ್ಟ್ 23 – ಆಗಸ್ಟ್ 23. 7ನೇ ತಿಂಗಳು
ಸೆಪ್ಟೆಂಬರ್ 22 – ಸೆಪ್ಟೆಂಬರ್ 23. 8ನೇ ತಿಂಗಳು
ಅಕ್ಟೋಬರ್ 21 – ಅಕ್ಟೋಬರ್ 23. 9ನೇ ತಿಂಗಳು
ನವೆಂಬರ್ 20 – ನವೆಂಬರ್ 22. 10ನೇ ತಿಂಗಳು
ಡಿಸೆಂಬರ್ 20 – ಡಿಸೆಂಬರ್ 21 (ದೊಂಗ್‌ಝಿ). ಮತ್ತೆ 11ನೇ ತಿಂಗಳು

ಮೇಲಿಂದ ಕೆಳಗೆ ಓದುತ್ತಾ ಬನ್ನಿ. ಝೊಂಗ್‌ಛಿ ಮೊದಲು ತಿಂಗಳ ನಡುವೆ ಇರುತ್ತದೆ. ಬರಬರುತ್ತಾ ಕೊನೆಗೆ ಜಾರುತ್ತದೆ. ಜುಲೈ 25ರಿಂದ ಆಗಸ್ಟ್ 22ರವರೆಗಿನ ತಿಂಗಳಲ್ಲಿ ಹೊರಗೇ ಬಿದ್ದುಬಿಡುತ್ತದೆ. ಆಮೇಲೆ ಮುಂದಿನ ತಿಂಗಳ ಮೊದಲ ದಿನಕ್ಕೆ ಬಂದು ಕೂರುತ್ತದೆ.

ಆಗಸ್ಟ್ 23ನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೀಜಿಂಗ್‌ನಲ್ಲಿ ಅವತ್ತು ಬೆಳಗಿನ ಜಾವ ಸುಮಾರು 4:34ಕ್ಕೆ ಛುಶು ಬಂತು. ಅಮಾವಾಸ್ಯೆಯ ಕ್ಷಣ ಬಂದದ್ದು ಮಧ್ಯಾಹ್ನ 2:06ಕ್ಕೆ. ಗಂಟೆ ಹಿಡಿದು ನೋಡಿದರೆ ಛುಶು ಹಳೇ ತಿಂಗಳಿಗೆ ಸೇರಬೇಕಿತ್ತು, ಅಲ್ವಾ? ಆದರೆ ಈ ಕ್ಯಾಲೆಂಡರ್ ದಿನವನ್ನು ತುಂಡು ಮಾಡುವುದಿಲ್ಲ. ಇಡೀ ಆಗಸ್ಟ್ 23 ಹೊಸ ತಿಂಗಳಿನದು, ಹಾಗಾಗಿ ಅವತ್ತಿನ ಛುಶು ಕೂಡ ಹೊಸ ತಿಂಗಳಿನದೇ. ಈ ಒಂದು ಅಂಶ ಮರೆತರೆ ಇಡೀ ವರ್ಷದ ಲೆಕ್ಕ ತಪ್ಪುತ್ತದೆ.

ಆ ಅಧಿಕ ತಿಂಗಳು ಶುರುವಾದದ್ದು ನಮ್ಮ ಭೀಮನ ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆ ಜುಲೈ 24ರ ನಡುರಾತ್ರಿ ದಾಟಿ 12:41ಕ್ಕೆ ಮುಗಿಯಿತು. ಬೀಜಿಂಗ್‌ನಲ್ಲಿ ಆಗ ಜುಲೈ 25ರ ಬೆಳಗಿನ ಜಾವ 3:11. ಅಧಿಕ ಮಾಸ ನಮಗೂ ಬಂತು, ಆದರೆ 2025ರಲ್ಲಲ್ಲ, 2026ರ ಮೇ–ಜೂನ್‌ನಲ್ಲಿ, ಅಧಿಕ ಜ್ಯೇಷ್ಠವಾಗಿ. ಸಂಕ್ರಮಣ ಇಲ್ಲದ ತಿಂಗಳು ಅಧಿಕ ಅನ್ನುವ ತತ್ವ ಎರಡೂ ಕಡೆ ಒಂದೇ. ಸಂಕ್ರಮಣವನ್ನು ಅವರು ಋತುವಿನಿಂದ ಅಳೆಯುತ್ತಾರೆ, ನಾವು ನಕ್ಷತ್ರದಿಂದ.

ಈ ತತ್ವ ಚೀನಾದಲ್ಲಿ ಗಟ್ಟಿಯಾದದ್ದು ಕ್ರಿ.ಪೂ. 104ರಲ್ಲಿ, ಹಾನ್ ವಂಶದ ಚಕ್ರವರ್ತಿ ವೂ ಜಾರಿಗೆ ತಂದ ತಾಯ್‌ಛು ಕ್ಯಾಲೆಂಡರಿನಲ್ಲಿ. ಆಮೇಲೆ ಅದನ್ನು ತಿದ್ದುತ್ತಲೇ ಬಂದರು. ಅಲ್ಲಿ ಕ್ಯಾಲೆಂಡರ್ ಅರಮನೆಯ ವಿಷಯ. ಗ್ರಹಣ ಹೇಳಿದ ದಿನ ಬರದಿದ್ದರೆ ಚಕ್ರವರ್ತಿಯ ಮರ್ಯಾದೆ ಹೋಗುತ್ತಿತ್ತು. ಟಾಂಗ್ ವಂಶದ ಕಾಲದಲ್ಲಿ ಆಸ್ಥಾನದ ಖಗೋಳ ಇಲಾಖೆಯ ಮುಖ್ಯಸ್ಥನಾಗಿದ್ದವನು ಗೌತಮ ಸಿದ್ಧ, ಭಾರತ ಮೂಲದ ಮನೆತನದವನು. 718ರಲ್ಲಿ ಅವನು ಭಾರತದ ನವಗ್ರಹ ಗಣಿತವನ್ನು ಚೀನೀ ಭಾಷೆಗೆ ತಂದ. ಈ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ಅನ್ನಿಸುವ ಭಾಗ ಅದು. 1281ರಲ್ಲಿ ಜಾರಿಗೆ ಬಂದ ಗುವೊ ಶೌಜಿಂಗ್‌ನ ಶೌಶಿ ಕ್ಯಾಲೆಂಡರ್ ವರ್ಷವನ್ನು 365.2425 ದಿನ ಅಂತ ಹಿಡಿಯಿತು. ಯುರೋಪಿನ ಗ್ರೆಗೋರಿಯನ್ ಕ್ಯಾಲೆಂಡರ್ ಅದೇ ಅಂಕಿಗೆ ಬಂದದ್ದು 1582ರಲ್ಲಿ. 1645ರಲ್ಲಿ ಜೆಸ್ಯುಯಿಟ್ ಪಾದ್ರಿ ಆಡಮ್ ಶಾಲ್ ಮುಂದಾಳತ್ವದಲ್ಲಿ ಕೊನೆಯ ದೊಡ್ಡ ತಿದ್ದುಪಡಿ ಆಯಿತು. ಅದಕ್ಕೆ ಮೊದಲು ವರ್ಷವನ್ನು 24 ಸಮ ಭಾಗ ಮಾಡುತ್ತಿದ್ದರು. ಅಂದಿನಿಂದ ಸೂರ್ಯನ ನಿಜವಾದ ಸ್ಥಾನವನ್ನೇ ಹಿಡಿಯತೊಡಗಿದರು.

ಈ ಬದಲಾವಣೆಯ ಪರಿಣಾಮ ಇವತ್ತಿಗೂ ಕಾಣುತ್ತದೆ. ಭೂಮಿ ಜನವರಿ ಆರಂಭದಲ್ಲಿ ಸೂರ್ಯನಿಗೆ ಹತ್ತಿರವಿದ್ದು ವೇಗವಾಗಿ ಸಾಗುತ್ತದೆ. ಆಗ ಝೊಂಗ್‌ಛಿಗಳು ಹತ್ತಿರ ಹತ್ತಿರ ಬರುತ್ತವೆ. ಬೇಸಿಗೆಯಲ್ಲಿ ದೂರ ದೂರ. ಹಾಗಾಗಿ ಅಧಿಕ ತಿಂಗಳು ಬೇಸಿಗೆಯ ಸುತ್ತಮುತ್ತ ಜಾಸ್ತಿ, ಚಳಿಗಾಲದಲ್ಲಿ ತೀರಾ ಅಪರೂಪ. 2017ರಲ್ಲಿ ಅಧಿಕ 6, 2020ರಲ್ಲಿ ಅಧಿಕ 4, 2023ರಲ್ಲಿ ಅಧಿಕ 2, 2025ರಲ್ಲಿ ಅಧಿಕ 6. ಮುಂದಿನದು 2028ರಲ್ಲಿ ಅಧಿಕ 5. ಒಟ್ಟಾರೆ 19 ವರ್ಷಕ್ಕೆ 7 ಅಧಿಕ ತಿಂಗಳು.

ಹಂತ 5: ಹೊಸ ವರ್ಷ ಹಿಡಿಯಲು ಅಡ್ಡದಾರಿ

ಪೂರ್ತಿ ಲೆಕ್ಕ ಮಾಡಲು ಪುರುಸೊತ್ತು ಇಲ್ಲದಿದ್ದರೆ ದೊಂಗ್‌ಝಿ ಆದ ಮೇಲೆ ಬರುವ ಎರಡನೇ ಅಮಾವಾಸ್ಯೆ ಹಿಡಿಯಿರಿ. ಅದೇ ಹೊಸ ವರ್ಷ. ಹೆಚ್ಚುಕಡಿಮೆ ಯಾವಾಗಲೂ ಇದು ಸರಿ. ಈಗಿನ ಕಾಲದಲ್ಲಿ ಅದು ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬೀಳುತ್ತದೆ.

ಇನ್ನೂ ಸುಲಭದ್ದು ಬೇಕೇ? ಹಿಂದಿನ ಹೊಸ ವರ್ಷದಿಂದ ಸುಮಾರು 11 ದಿನ ಕಳೆಯಿರಿ. ಜನವರಿ 21ಕ್ಕಿಂತ ಹಿಂದೆ ಹೋಯಿತೇ? ಹಾಗಾದರೆ ಒಂದು ತಿಂಗಳು ಸೇರಿಸಿ. 2026ರ ಫೆಬ್ರವರಿ 17ರಿಂದ 11 ಕಳೆದರೆ 2027ಕ್ಕೆ ಫೆಬ್ರವರಿ 6. ಮತ್ತೆ 11 ಕಳೆದರೆ 2028ಕ್ಕೆ ಜನವರಿ 26. ಇನ್ನೊಮ್ಮೆ ಕಳೆದರೆ ಜನವರಿ 15 ಆಗುತ್ತದೆ, ಅದು ಆಗುವಂಥದ್ದಲ್ಲ. ಹಾಗಾಗಿ ತಿಂಗಳು ಸೇರಿಸಿ. 2029ರದ್ದು ಫೆಬ್ರವರಿ 13. ಒಂದೆರಡು ದಿನ ಹೆಚ್ಚುಕಮ್ಮಿ ಆಗಬಹುದು, ಆರ್ಡರ್ ಪ್ಲಾನ್ ಮಾಡಲು ಇಷ್ಟು ಸಾಕು.

19 ವರ್ಷಕ್ಕೊಮ್ಮೆ ತಾರೀಕುಗಳು ಬಹುತೇಕ ಮರಳಿ ಬರುತ್ತವೆ. 2006ರ ಹೊಸ ವರ್ಷ ಜನವರಿ 29, 2025ರದ್ದೂ ಜನವರಿ 29. 2007ರದ್ದು ಫೆಬ್ರವರಿ 18, 2026ರದ್ದು ಫೆಬ್ರವರಿ 17.

ವ್ಯಾಪಾರಿಗಳಿಗೆ ಒಂದು ಮಾತು. ಸರ್ಕಾರಿ ರಜೆ ಒಂದು ವಾರ ಚಿಲ್ಲರೆ ಇದ್ದರೂ ಅದನ್ನೇ ನಂಬಬೇಡಿ. ದೂರದ ಊರಿನ ಕೆಲಸಗಾರರು ಒಂದೆರಡು ವಾರ ಮೊದಲೇ ಹೊರಟುಬಿಡುತ್ತಾರೆ. ಮೊದಲ ತಿಂಗಳ 15ರ ದೀಪದ ಹಬ್ಬ ಮುಗಿಯುವ ತನಕ ಕೆಲಸ ಪೂರ್ತಿ ಹಳಿಗೆ ಬರುವುದಿಲ್ಲ. ಹೊಸ ವರ್ಷದ ಹಿಂದೆ ಎರಡು ವಾರ, ಮುಂದೆ ಎರಡು ವಾರ ಬಿಟ್ಟು ಲೆಕ್ಕ ಹಾಕಿ.

ಹಂತ 6: ವರ್ಷದ ಹೆಸರು

ಹತ್ತು 'ಕಾಂಡ'ಗಳು, ಹನ್ನೆರಡು 'ಶಾಖೆ'ಗಳು. ಎರಡೂ ಒಟ್ಟೊಟ್ಟಿಗೆ ತಿರುಗುತ್ತಾ ಹೋದರೆ 60 ವರ್ಷಕ್ಕೆ ಅದೇ ಜೋಡಿ ಮತ್ತೆ ಬರುತ್ತದೆ. ಈಗಿನ ಚಕ್ರ ಶುರುವಾದದ್ದು 1984ರಲ್ಲಿ. ನಮ್ಮ ಅರವತ್ತರ ಚಕ್ರದ ಪ್ರಭವ ಬಂದದ್ದು 1987ರಲ್ಲಿ.

ಕಾಂಡಗಳು: ಜಿಯಾ, ಯಿ, ಬಿಂಗ್, ದಿಂಗ್, ವು, ಜಿ, ಗೆಂಗ್, ಶಿನ್, ರೆನ್, ಗುಯ್. ಶಾಖೆಗೊಂದು ಪ್ರಾಣಿ: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಕೋಳಿ, ನಾಯಿ, ಹಂದಿ.

ಇಸವಿಯಿಂದ 4 ಕಳೆಯಿರಿ. ಉಳಿದದ್ದನ್ನು 10ರಿಂದ ಭಾಗಿಸಿದಾಗ ಬರುವ ಶೇಷ ಕಾಂಡ, 12ರಿಂದ ಭಾಗಿಸಿದಾಗ ಬರುವ ಶೇಷ ಪ್ರಾಣಿ. ಎಣಿಕೆ ಸೊನ್ನೆಯಿಂದ. 2026ಕ್ಕೆ 2022 ಬರುತ್ತದೆ. ಹತ್ತರ ಶೇಷ 2, ಅಂದರೆ ಬಿಂಗ್. ಹನ್ನೆರಡರ ಶೇಷ 6, ಅಂದರೆ ಕುದುರೆ. ಚೀನಾದ ಇತಿಹಾಸದಲ್ಲಿ 'ಶಿನ್‌ಹಾಯ್ ಕ್ರಾಂತಿ' ಅಂತ ಓದಿರಬಹುದು. ಅದು 1911ರ ವರ್ಷದ ಹೆಸರೇ. 1907ನ್ನು ಭಾಗಿಸಿ ನೋಡಿ, ಶೇಷ 7 ಮತ್ತು 11. ಏಳು ಶಿನ್, ಹನ್ನೊಂದು ಹಾಯ್ ಅನ್ನುವ ಶಾಖೆ, ಅಂದರೆ ಹಂದಿಯ ವರ್ಷ.

ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರು ಇಲ್ಲಿ ಎಚ್ಚರ. 1990ರ ಹೊಸ ವರ್ಷ ಜನವರಿ 27ಕ್ಕೆ. ಜನವರಿ 25ಕ್ಕೆ ಹುಟ್ಟಿದವರು ಕುದುರೆಯಲ್ಲ, ಹಾವು. ಜಾತಕ ನೋಡುವವರು ಮಾತ್ರ ವರ್ಷವನ್ನು ಹೊಸ ವರ್ಷದ ದಿನಕ್ಕಲ್ಲ, ಫೆಬ್ರವರಿ 4ರ ಆಸುಪಾಸಿನ ಲಿಛುನ್ ಅನ್ನುವ ಜಿಯೆಛಿಗೆ ಬದಲಿಸುತ್ತಾರೆ.

ಹಬ್ಬ ಹುಡುಕುವುದು

ಹೆಚ್ಚಿನ ಹಬ್ಬಗಳು ತಿಂಗಳು ಮತ್ತು ತಾರೀಕಿಗೆ ಕಟ್ಟಿಕೊಂಡಿವೆ. ಐದನೇ ತಿಂಗಳ 5 ಡ್ರ್ಯಾಗನ್ ದೋಣಿ ಹಬ್ಬ, ಏಳರ 7 ಪ್ರೇಮಿಗಳ ಛಿಶಿ, ಎಂಟರ 15 ಚಂದ್ರನ ಹಬ್ಬ, ಒಂಬತ್ತರ 9 ಹಿರಿಯರ ಹಬ್ಬ. ಮೇಲಿನ ಪಟ್ಟಿಯಲ್ಲಿ 8ನೇ ತಿಂಗಳು ಸೆಪ್ಟೆಂಬರ್ 22ಕ್ಕೆ ಶುರು ಅಂತ ಇದೆ. 14 ದಿನ ಸೇರಿಸಿ, ಅಕ್ಟೋಬರ್ 6. ಅವರು ಮೂನ್‌ಕೇಕ್ ಹಂಚಿಕೊಂಡು ನೋಡಿದ ಆ ಚಂದ್ರನೇ ನಮ್ಮ ಸೀಗೆ ಹುಣ್ಣಿಮೆಯ ಚಂದ್ರ. ಅಧಿಕ ತಿಂಗಳಲ್ಲಿ ಹಬ್ಬ ಎರಡನೇ ಸಲ ಬರುವುದಿಲ್ಲ.

ಹುಣ್ಣಿಮೆ ಯಾವಾಗಲೂ 15ಕ್ಕೇ ಅಂತ ತಿಳಿಯಬೇಡಿ. 'ಹದಿನೈದರ ಚಂದ್ರ ಹದಿನಾರಕ್ಕೆ ದುಂಡಗೆ' ಅಂತ ಅಲ್ಲಿ ಒಂದು ಮಾತೇ ಇದೆ. ಕೆಲವೊಮ್ಮೆ 17ಕ್ಕೂ ಹೋಗುತ್ತದೆ.

ಸೂರ್ಯನನ್ನು ಹಿಡಿದ ಹಬ್ಬಗಳು ಎರಡು: ಹಿರಿಯರ ಸಮಾಧಿ ಗುಡಿಸಿ ಪೂಜಿಸುವ ಛಿಂಗ್‌ಮಿಂಗ್, ಏಪ್ರಿಲ್ 4 ಅಥವಾ 5ಕ್ಕೆ. ಇನ್ನೊಂದು ದೊಂಗ್‌ಝಿಯೇ.

ಒಂದು ಗಂಟೆಯ ವ್ಯತ್ಯಾಸ, ಒಂದು ತಿಂಗಳ ಅಂತರ

ಎಲ್ಲ ಲೆಕ್ಕವೂ 120 ಡಿಗ್ರಿ ಪೂರ್ವ ರೇಖಾಂಶದ ಸಮಯದಲ್ಲಿ, ಅಂದರೆ ಈಗಿನ ಬೀಜಿಂಗ್ ಸಮಯದಲ್ಲಿ ನಡೆಯಬೇಕು. ಇದು ಎಷ್ಟು ಮುಖ್ಯ ಅಂತ 1985ರಲ್ಲಿ ಗೊತ್ತಾಯಿತು. ವಿಯೆಟ್ನಾಂನ ಕ್ಯಾಲೆಂಡರಿಗೂ ಇದೇ ನಿಯಮ, ಆದರೆ ಅದು ಹನೋಯ್ ಸಮಯ ಬಳಸುತ್ತದೆ, ಒಂದು ಗಂಟೆ ಹಿಂದೆ. 1984ರ ದೊಂಗ್‌ಝಿ ಬೀಜಿಂಗ್‌ನಲ್ಲಿ ಡಿಸೆಂಬರ್ 22ರ ಮಧ್ಯರಾತ್ರಿ ಕಳೆದು 23 ನಿಮಿಷಕ್ಕೆ ಬಂತು. ಹನೋಯ್‌ನಲ್ಲಿ ಆಗಿನ್ನೂ 21ರ ರಾತ್ರಿ 11:23. ಅಮಾವಾಸ್ಯೆ ಬಿದ್ದದ್ದು 22ಕ್ಕೆ. ಚೀನಾದಲ್ಲಿ 22ಕ್ಕೆ ಶುರುವಾದ ತಿಂಗಳೊಳಗೆ ದೊಂಗ್‌ಝಿ ಇತ್ತು, ಹಾಗಾಗಿ ಅದು 11ನೇ ತಿಂಗಳು. ವಿಯೆಟ್ನಾಂನಲ್ಲಿ ದೊಂಗ್‌ಝಿ ಅದರ ಹಿಂದಿನ ತಿಂಗಳಿಗೇ ಬಿದ್ದುಹೋಯಿತು, ಹಾಗಾಗಿ 22ರಿಂದ 12ನೇ ತಿಂಗಳು. ಕೊನೆಗೆ ವಿಯೆಟ್ನಾಂ ಹೊಸ ವರ್ಷ ಆಚರಿಸಿದ್ದು 1985ರ ಜನವರಿ 21ಕ್ಕೆ, ಚೀನಾ ಫೆಬ್ರವರಿ 20ಕ್ಕೆ.

1978ರಲ್ಲಿ ಹಾಂಗ್‌ಕಾಂಗ್‌ನಲ್ಲೂ ಇಂಥದ್ದೇ ಒಂದು ಆಯಿತು. ಅಲ್ಲಿನ ಪಂಚಾಂಗಗಳು ಬೀಜಿಂಗ್ ನಗರದ ಹಳೇ ಸ್ಥಳೀಯ ಸಮಯವನ್ನೇ ಹಿಡಿದುಕೊಂಡಿದ್ದವು. ಅಮಾವಾಸ್ಯೆ ಮಧ್ಯರಾತ್ರಿಯ ಕೆಲವೇ ನಿಮಿಷ ಆಚೀಚೆ ಬಿದ್ದದ್ದರಿಂದ ಚಂದ್ರನ ಹಬ್ಬ ಅಲ್ಲಿ ಸೆಪ್ಟೆಂಬರ್ 16ಕ್ಕೆ, ಚೀನಾದಲ್ಲಿ 17ಕ್ಕೆ ಬಂತು.

2033ರ ಗಂಟು

'ಝೊಂಗ್‌ಛಿ ಇಲ್ಲದ ತಿಂಗಳೆಲ್ಲ ಅಧಿಕ' ಅಂತ ಅರ್ಧ ನಿಯಮ ನೆನಪಿಟ್ಟುಕೊಂಡವರು 2033ರಲ್ಲಿ ಎಡವುತ್ತಾರೆ. ಆ ವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 22ರವರೆಗಿನ ತಿಂಗಳಲ್ಲಿ ಝೊಂಗ್‌ಛಿ ಇಲ್ಲ. ಹಿಂದೆ ಮುದ್ರಣವಾದ ಶತಮಾನದ ಪಂಚಾಂಗಗಳು ಅದನ್ನೇ ಅಧಿಕ 7 ಅಂತ ಹಾಕಿಬಿಟ್ಟಿದ್ದವು. 1990ರ ದಶಕದಲ್ಲಿ ಅದನ್ನು ತಿದ್ದಿದರು.

ಹಂತ 4ಕ್ಕೆ ವಾಪಸ್ ಹೋಗಿ. ಮೊದಲು ತಿಂಗಳುಗಳನ್ನು ಎಣಿಸಬೇಕು. 2032ರ ದೊಂಗ್‌ಝಿ ತಿಂಗಳಿನಿಂದ 2033ರದ್ದಕ್ಕೆ ಹನ್ನೆರಡೇ ತಿಂಗಳು. ಹಾಗಾಗಿ ಅಧಿಕಕ್ಕೆ ಜಾಗವೇ ಇಲ್ಲ. ಆ ತಿಂಗಳು ಮಾಮೂಲಿ 8ನೇ ತಿಂಗಳು, ಚಂದ್ರನ ಹಬ್ಬ ಸೆಪ್ಟೆಂಬರ್ 8ಕ್ಕೆ. ಹದಿಮೂರು ತಿಂಗಳಿರುವುದು ಅದರ ಮುಂದಿನ ಸುತ್ತಿನಲ್ಲಿ. ಅಲ್ಲಿ ದೊಂಗ್‌ಝಿ ಡಿಸೆಂಬರ್ 21ರ ರಾತ್ರಿ ಬರುತ್ತದೆ, ಅಮಾವಾಸ್ಯೆ ಕೆಲವೇ ಗಂಟೆ ಕಳೆದು 22ರ ನಸುಕಿನಲ್ಲಿ. 22ಕ್ಕೆ ಶುರುವಾಗುವ ತಿಂಗಳಲ್ಲಿ ಝೊಂಗ್‌ಛಿ ಇಲ್ಲ, ಅದೇ ಅಧಿಕ 11. ಹಾಗಾಗಿ 2034ರ ಹೊಸ ವರ್ಷ ಫೆಬ್ರವರಿ 19ಕ್ಕೆ, ದೊಂಗ್‌ಝಿ ನಂತರದ ಎರಡನೆಯದಲ್ಲ, ಮೂರನೇ ಅಮಾವಾಸ್ಯೆಗೆ. ಅಡ್ಡದಾರಿ ಕೈಕೊಡುವ ಅಪರೂಪದ ವರ್ಷ ಇದು. ಚೀನಾ 2017ರಲ್ಲಿ ಈ ನಿಯಮಗಳನ್ನೆಲ್ಲ ಸೇರಿಸಿ ರಾಷ್ಟ್ರೀಯ ಮಾನದಂಡವಾಗಿ ಪ್ರಕಟಿಸಿತು. ಅಧಿಕೃತ ಲೆಕ್ಕ ನಾನ್‌ಜಿಂಗ್‌ನ ಪರ್ಪಲ್ ಮೌಂಟನ್ ವೀಕ್ಷಣಾಲಯದ್ದು.

ದಿನಬಳಕೆಗೆ

ಐಫೋನ್‌ನ ಕ್ಯಾಲೆಂಡರ್ ಸೆಟ್ಟಿಂಗ್‌ನಲ್ಲೂ ಗೂಗಲ್ ಕ್ಯಾಲೆಂಡರ್‌ನಲ್ಲೂ ಪರ್ಯಾಯ ಕ್ಯಾಲೆಂಡರ್ ಆಯ್ಕೆ ಇದೆ. ಚೈನೀಸ್ ಆರಿಸಿದರೆ ಪ್ರತಿ ತಾರೀಕಿನ ಜೊತೆ ನೊಂಗ್‌ಲಿ ತಾರೀಕೂ ಕಾಣುತ್ತದೆ. ಗೋಡೆ ಕ್ಯಾಲೆಂಡರಿನಲ್ಲಿ ದೊಡ್ಡ ಅಂಕಿ ಇಂಗ್ಲಿಷ್ ತಾರೀಕು, ಕೆಳಗಿನ ಸಣ್ಣ ಅಕ್ಷರ ನೊಂಗ್‌ಲಿ. ಮೊದಲನೇ ತಾರೀಕಿನ ಜಾಗದಲ್ಲಿ ತಿಂಗಳ ಹೆಸರು ಹಾಕಿರುತ್ತಾರೆ, ಜಿಯೆಛಿ ಬಂದ ದಿನ ಅದರ ಹೆಸರು.

ಚೀನೀ ಗೆಳೆಯರ ಮನೆಯ ಹಿರಿಯರ ಹುಟ್ಟುಹಬ್ಬಕ್ಕೆ ಹಾರೈಸಬೇಕೆಂದರೆ ಯಾವ ಕ್ಯಾಲೆಂಡರಿನದು ಅಂತ ಮೊದಲೇ ಕೇಳಿಕೊಳ್ಳಿ. ಹಳೇ ತಲೆಮಾರಿನವರು ಹೆಚ್ಚಾಗಿ ನೊಂಗ್‌ಲಿಯದ್ದೇ ಆಚರಿಸುತ್ತಾರೆ, ಅದು ವರ್ಷ ವರ್ಷ ಬೇರೆ ತಾರೀಕಿಗೆ ಬರುತ್ತದೆ. ವಯಸ್ಸು ಕೇಳಿದರೂ ಇದೇ ಮಾತು. ಹಳೇ ಪದ್ಧತಿಯಲ್ಲಿ ಹುಟ್ಟಿದ ದಿನವೇ ಒಂದು ವರ್ಷ, ಪ್ರತಿ ಹೊಸ ವರ್ಷಕ್ಕೆ ಇನ್ನೊಂದು. ಅಧಿಕ 6ರಲ್ಲಿ ಹುಟ್ಟಿದ ಮಗುವಿಗೆ ಅದೇ ಅಧಿಕ ತಿಂಗಳು ಮತ್ತೆ ಸಿಗಲು ವರ್ಷಗಟ್ಟಲೆ ಕಾಯಬೇಕು. 2017, 2025, ಆಮೇಲೆ 2036. ಅಂಥವರು ಉಳಿದ ವರ್ಷಗಳಲ್ಲಿ ಮಾಮೂಲಿ 6ನೇ ತಿಂಗಳಲ್ಲೇ ಹುಟ್ಟುಹಬ್ಬ ಮಾಡಿಕೊಳ್ಳುತ್ತಾರೆ.